ಸಿರಿಂಜಿಗೆ ಬಂದ ಔಷಧಿಯ ಆಯುಷ್ಯ

ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕಿರುವ ಮಗ ಅಮಾವಾಸ್ಯೆಗೆ ಊರಿಗೆ ಬರುತ್ತಾನೆ. ಅವ್ವನಿಗೆ ಸಕ್ಕರೆ ಕಾಯಿಲೆ, ಕಣ್ಣು ಮಂಜು, ಸಿರಿಂಜಿನ ಮೇಲಿನ ಗೀಟು ಕಾಣುವುದಿಲ್ಲ. ವಾಪಸ್ ಬಸ್ ಹತ್ತುವ ಮುನ್ನ ಅವನು ಇನ್ಸುಲಿನ್ ಬಾಟಲಿಯಿಂದ ಹದಿನೈದು ದಿನಕ್ಕಾಗುವಷ್ಟು ಸಿರಿಂಜು ತುಂಬಿ, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತಾನೆ. ‘ಯವ್ವಾ, ಎಲ್ಲಾ ತುಂಬಿಟ್ಟೇನಿ. ಮುಂಜಾನೆ ಒಂದು, ಸಂಜಿಗೆ ಒಂದು. ಬಾಜೂಮನಿ ಅಕ್ಕ ಚುಚ್ಚತಾಳ.’ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ದುಡಿಯುವ ಮಕ್ಕಳು ಹೊರಗೆ, ವಯಸ್ಸಾದವರು ಮನೆಯಲ್ಲಿ ಎಂಬಂತಾದ ಮೇಲೆ ಇಂಥ ಏರ್ಪಾಡು ಯಾರಿಗೂ ಹೊಸದಲ್ಲ. ಇದನ್ನು ಅಜ್ಞಾನವೆಂದು ಬೈಯುವ ವೈದ್ಯರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಬೇರೆ ದಾರಿಯಿಲ್ಲದವರು ಮಾಡಿಕೊಂಡ ವ್ಯವಸ್ಥೆ ಇದು. ಆದರೆ ಬಾಟಲಿಯಲ್ಲಿದ್ದ ಔಷಧಿ ಸಿರಿಂಜಿಗೆ ಬಂದ ಮೇಲೆ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಆ ಮಗನಿಗೆ ಯಾರೂ ಹೇಳಿರುವುದಿಲ್ಲ.

ಬಾಟಲಿಯ ಮೇಲೆ ಅಚ್ಚಾದ ತಾರೀಖು ಬಾಟಲಿಗೆ ಮಾತ್ರ ಸೇರಿದ್ದು. ಮುಚ್ಚಿದ ಬಾಟಲಿ, ಕಂಪನಿ ಹೇಳಿದ ತಂಪು, ಬೆಳಕು ತಾಗದ ಜಾಗ, ಇಷ್ಟೂ ಇದ್ದರೆ ಆ ತಾರೀಖಿನವರೆಗೆ ಔಷಧಿ ಕೆಟ್ಟಿರುವುದಿಲ್ಲ ಎಂದು ಅದರರ್ಥ. ಮುಚ್ಚಳದ ರಬ್ಬರಿಗೆ ಮೊದಲ ಸಲ ಸೂಜಿ ಚುಚ್ಚಿದ ಕೂಡಲೇ ಬೇರೆ ಲೆಕ್ಕ ಶುರುವಾಗುತ್ತದೆ, ಪ್ಲಾಸ್ಟಿಕ್ ಸಿರಿಂಜಿಗೆ ಎಳೆದುಕೊಂಡಾಗ ಮತ್ತೊಂದು ಲೆಕ್ಕ.

ಅಂಗಡಿಯಲ್ಲಿ ಸಿಗುವ ‘ತುಂಬಿದ ಸಿರಿಂಜು’ ಮತ್ತು ಮನೆಯಲ್ಲಿ ನಾವು ತುಂಬಿದ ಸಿರಿಂಜು ನೋಡಲು ಹೆಚ್ಚು ಕಡಿಮೆ ಒಂದೇ. ಒಳಗಿನ ಸಂಗತಿ ಬೇರೆ. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮಕ್ಕೆ ಕೊಡುವ ಎನಾಕ್ಸಪಾರಿನ್, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ರಕ್ತ ಹೆಚ್ಚಿಸುವ ಎರಿಥ್ರೊಪೊಯೆಟಿನ್, ಕಿಮೋಥೆರಪಿ ಆದವರಿಗೆ ಬಿಳಿ ರಕ್ತಕಣ ಏರಿಸುವ ಫಿಲ್‌ಗ್ರಾಸ್ಟಿಮ್ ಇವೆಲ್ಲ ಕಾರ್ಖಾನೆಯಿಂದಲೇ ತುಂಬಿ ಬರುವಂಥವು. ಅವುಗಳ ಕೊಳವೆ ಸಾಮಾನ್ಯವಾಗಿ ವಿಶೇಷ ಗಾಜಿನದು. ಒಳಗೆ ಜಾರುವ ರಬ್ಬರ್ ಬಿರಡೆಗೆ ಔಷಧಿ ತಾಗದಂತೆ ಲೇಪನ ಕೊಟ್ಟಿರುವುದು ರೂಢಿ. ಆ ಔಷಧಿ, ಆ ಗಾಜು, ಆ ರಬ್ಬರು ಮೂರನ್ನೂ ಜೊತೆಗಿಟ್ಟು ತಿಂಗಳುಗಟ್ಟಲೆ, ವರ್ಷಗಟ್ಟಲೆ ಪರೀಕ್ಷಿಸಿದ ಮೇಲೆಯೇ ತಾರೀಖು ಅಚ್ಚಾಗುತ್ತದೆ. ಹೊರಗಿನ ತಾಪದಲ್ಲಿಡುವ ಔಷಧಿಗಳನ್ನು ನಮ್ಮಂಥ ಬಿಸಿ, ತೇವದ ದೇಶಗಳಿಗಾಗಿ 30 ಡಿಗ್ರಿ ತಾಪ, ಹೆಚ್ಚಿನ ತೇವಾಂಶದಲ್ಲಿಟ್ಟು ನೋಡುತ್ತಾರೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಪ್ಲಾಸ್ಟಿಕ್ ಸಿರಿಂಜನ್ನು ಮಾಡಿದವರ ಲೆಕ್ಕವೇ ಬೇರೆ: ಎಳೆ, ಚುಚ್ಚು, ಬಿಸಾಕು. ಔಷಧಿ ಅದರಲ್ಲಿ ಕೆಲವು ನಿಮಿಷ ಇದ್ದರೆ ಸಾಕು.

ರಬ್ಬರಿನ ಒಂದು ಚೂರು ಏನು ಮಾಡೀತು ಎನ್ನುವವರಿಗೆ ಎರಡು ಘಟನೆ ಹೇಳುತ್ತೇನೆ.

ಮೊದಲನೆಯದು ಎಪ್ರೆಕ್ಸ್ ಎಂಬ ಎರಿಥ್ರೊಪೊಯೆಟಿನ್‌ನದು. 1998ರಲ್ಲಿ ಅದರ ತಯಾರಿಕೆಯಿಂದ ಮನುಷ್ಯರ ರಕ್ತದ ಆಲ್ಬುಮಿನ್ ತೆಗೆದು, ಅದರ ಬದಲು ಪಾಲಿಸಾರ್ಬೇಟ್ ಎಂಬ ವಸ್ತು ಸೇರಿಸಿದರು. ಆಮೇಲಿನ ವರ್ಷಗಳಲ್ಲಿ ಯುರೋಪ್ ಮೊದಲಾದ ಕಡೆ ಆ ಚುಚ್ಚುಮದ್ದು ಪಡೆಯುತ್ತಿದ್ದ ಕೆಲವು ಕಿಡ್ನಿ ರೋಗಿಗಳ ದೇಹ ಕೆಂಪು ರಕ್ತಕಣ ಹುಟ್ಟಿಸುವುದನ್ನೇ ನಿಲ್ಲಿಸಿಬಿಟ್ಟಿತು. ರಕ್ತ ಹೆಚ್ಚಿಸಲು ಕೊಟ್ಟ ಔಷಧಿಯೇ ರಕ್ತ ನಿಲ್ಲಿಸಿತ್ತು. ತನಿಖೆಯಲ್ಲಿ ಬೊಟ್ಟು ಮಾಡಿದ ಕಾರಣಗಳಲ್ಲಿ ಮುಖ್ಯವಾದದ್ದು, ತುಂಬಿದ ಸಿರಿಂಜಿನ ಲೇಪನವಿಲ್ಲದ ರಬ್ಬರ್ ಬಿರಡೆಯಿಂದ ಪಾಲಿಸಾರ್ಬೇಟ್ ಕರಗಿಸಿಕೊಂಡ ಅಂಶಗಳು. ಬಿರಡೆಗೆ ಲೇಪನ ಬಂತು, ಚರ್ಮದಡಿ ಕೊಡುವ ಬದಲು ರಕ್ತನಾಳಕ್ಕೆ ಕೊಡಲು ಸೂಚಿಸಿದರು, ಪ್ರಕರಣಗಳು ಇಳಿದವು. ದೊಡ್ಡ ಕಂಪನಿ ಎಲ್ಲ ಪರೀಕ್ಷೆ ಮಾಡಿಯೂ ಹೀಗಾಗಿತ್ತು.

ಎರಡನೆಯದು ಮನೆಯ ವಿಷಯಕ್ಕೆ ಇನ್ನೂ ಹತ್ತಿರ. 2015ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಅಲ್ಲಿನ ಆಸ್ಪತ್ರೆಗಳಿಗೆ ಒಂದು ಎಚ್ಚರಿಕೆ ಕೊಟ್ಟಿತು. ಬೆಕ್ಟನ್ ಡಿಕಿನ್ಸನ್ ಕಂಪನಿಯ ಸಾಮಾನ್ಯ ಬಳಕೆಯ ಸಿರಿಂಜುಗಳಿಗೆ ಔಷಧಿ ತುಂಬಿ ದಾಸ್ತಾನು ಇಡಬೇಡಿ, ಕೆಲವು ಬಿರಡೆಗಳ ರಬ್ಬರಿನೊಂದಿಗೆ ಬೆರೆತು ಔಷಧಿಯ ಬಲ ಇಳಿಯುತ್ತಿದೆ ಎಂದು. ಮುಂದಿನ ತಿಂಗಳು ಇನ್ನಷ್ಟು ಅಳತೆಯ ಸಿರಿಂಜುಗಳಿಗೂ ಎಚ್ಚರಿಕೆ ವಿಸ್ತರಿಸಿತು. ಎಳೆದು ಕೂಡಲೇ ಚುಚ್ಚಿದರೆ ತೊಂದರೆಯಿಲ್ಲ, ತುಂಬಿ ಇಟ್ಟರೆ ಮಾತ್ರ ಎಂಬ ಮಾತನ್ನು ಗಮನಿಸಬೇಕು. ಸಿರಿಂಜಿನಲ್ಲಿ ದೋಷವಿರಲಿಲ್ಲ, ಅದನ್ನು ಡಬ್ಬಿಯಂತೆ ಬಳಸಿದ್ದು ದೋಷ.

ಹಾಗಾದರೆ ಇನ್ಸುಲಿನ್ ತುಂಬಿಡಲೇಬಾರದೇ?

ಕಂಪನಿಗಳ ಕರಪತ್ರ ಎಳೆದ ಕೂಡಲೇ ಚುಚ್ಚಿ ಎನ್ನುತ್ತದೆ. ಹೊಣೆ ತಪ್ಪಿಸಿಕೊಳ್ಳುವವರ ಮಾತು ಹಾಗೆಯೇ ಇರುತ್ತದೆ ಎನ್ನಬಹುದು, ಆದರೆ ಬೇರೆ ಸಿರಿಂಜಿನಲ್ಲಿಟ್ಟು ಅವರು ಪರೀಕ್ಷಿಸಿಲ್ಲ ಎಂಬುದೂ ನಿಜ. ಅಮೆರಿಕದ ಮಧುಮೇಹ ಸಂಘ ಮಾತ್ರ 2004ರಲ್ಲಿ ಪ್ರಕಟಿಸಿದ ಸೂಚನೆಯಲ್ಲಿ ಫ್ರಿಜ್ಜಿನಲ್ಲಿಟ್ಟ ತುಂಬಿದ ಸಿರಿಂಜು 30 ದಿನದವರೆಗೆ ಕೆಡುವುದಿಲ್ಲ ಎಂದಿತ್ತು. ಬ್ರಿಟನ್ನಿನ ದಾದಿಯರ ಸಂಸ್ಥೆಯೂ, ತಾವೇ ಎಳೆದುಕೊಳ್ಳಲಾಗದ ರೋಗಿಗಳಿಗೆ ಮುಂಚಿತವಾಗಿ ತುಂಬಿಡಬೇಕಾದಾಗ ಏನೇನು ನೋಡಬೇಕು ಎಂದು ಮಾರ್ಗಸೂಚಿ ಕೊಟ್ಟಿತ್ತು. ಅಂದರೆ ಕಣ್ಣು ಕಾಣದ ಅವ್ವ ಎಲ್ಲ ದೇಶದಲ್ಲೂ ಇದ್ದಾಳೆ, ಅವಳಿಗಾಗಿ ನಿಯಮ ಸ್ವಲ್ಪ ಬಾಗಿದೆ.

ಆದರೆ ಆ 30 ದಿನದ ಮಾತು ಕರೆಂಟ್ ಹೋಗದ ಫ್ರಿಜ್ಜಿಗೆ ಹೇಳಿದ್ದು. ಮುಂಗಾರಿನಲ್ಲಿ ಮರ ಬಿದ್ದು ರಾತ್ರಿಯಿಡೀ ಕತ್ತಲಾಗುವ ತಿಳವಳ್ಳಿ, ಅಕ್ಕಿಆಲೂರು ಕಡೆಯ ಮನೆಗೆ ಹೇಳಿದ್ದಲ್ಲ. ಹಾಗಾಗಿ ನಾನು ಹೇಳುವುದು: ಅನಿವಾರ್ಯವಾದರೆ, ನಿಮ್ಮ ವೈದ್ಯರ ಒಪ್ಪಿಗೆಯೊಂದಿಗೆ, ಒಂದು ವಾರದ್ದು ಮಾತ್ರ ತುಂಬಿಡಿ. ಔಷಧಿ ಕೆಡುವ ಭಯವೊಂದೇ ಇದಕ್ಕೆ ಕಾರಣವಲ್ಲ. ಸಕ್ಕರೆ ಏರಿಳಿದು ವೈದ್ಯರು ಡೋಸ್ ಬದಲಿಸಿದರೆ ತುಂಬಿಟ್ಟ ಹದಿನೈದು ದಿನದ ಸಿರಿಂಜೆಲ್ಲ ತಪ್ಪು ಡೋಸ್ ಆಗುತ್ತವೆ, ಅವನ್ನು ಎಸೆಯಲು ಮನೆಯವರಿಗೆ ಮನಸ್ಸು ಬರುವುದಿಲ್ಲ.

ಮಗ ಹದಿನೈದು ದಿನಕ್ಕೊಮ್ಮೆ ಬರುವವನಾದರೆ ನಡುವಿನ ವಾರಕ್ಕೆ ಯಾರು? ಊರಿನ ಆರೋಗ್ಯ ಉಪಕೇಂದ್ರದ ಸಿಸ್ಟರ್, ಆಶಾ ಕಾರ್ಯಕರ್ತೆ, ಕಣ್ಣು ಚೆನ್ನಾಗಿರುವ ಹೈಸ್ಕೂಲು ಹುಡುಗಿ, ಯಾರಾದರೂ ಒಬ್ಬರಿಗೆ ಎಳೆಯುವುದನ್ನು ಕಲಿಸಿಡಿ. ಅದಕ್ಕಿಂತ ಒಳ್ಳೆಯ ದಾರಿ ಇನ್ಸುಲಿನ್ ಪೆನ್. ಅದರ ಕಾರ್ಟ್ರಿಜ್ ಕಂಪನಿಯೇ ತುಂಬಿದ್ದು, ಡೋಸ್ ತಿರುಗಿಸುವಾಗ ಟಿಕ್ ಟಿಕ್ ಸದ್ದು ಕೇಳಿಸುತ್ತದೆ. ಖರ್ಚು ಬಾಟಲಿಗಿಂತ ಹೆಚ್ಚು, ಅದನ್ನು ಮರೆಮಾಚುವುದಿಲ್ಲ.

ಒಂದು ವಾರದ್ದು ತುಂಬುವವರು ಕೈ ಸೋಪಿನಲ್ಲಿ ತೊಳೆದು, ಬಾಟಲಿಯ ರಬ್ಬರು ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಬೇಕು. ಪ್ರತಿ ಸಲವೂ ಹೊಸ ಸಿರಿಂಜೇ ಆಗಬೇಕು. ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವ 30/70 ಮಿಶ್ರ ಇನ್ಸುಲಿನ್ ಬಿಳಿಯಾಗಿ ಕಾಣುತ್ತದೆ, ನಿಂತರೆ ತಳಕ್ಕೆ ಕೂರುತ್ತದೆ. ಎಳೆಯುವ ಮುಂಚೆ ಬಾಟಲಿಯನ್ನು ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ. ಕುಲುಕಬೇಡಿ, ನೊರೆಯೆದ್ದರೆ ಡೋಸೂ ತಪ್ಪುತ್ತದೆ, ಪ್ರೋಟೀನೂ ಹಾಳಾಗುತ್ತದೆ. ತುಂಬಿದ ಸಿರಿಂಜನ್ನು ಟೋಪಿ ಹಾಕಿದ ಸೂಜಿ ಮೇಲ್ಮುಖವಾಗಿರುವಂತೆ ಲೋಟದಲ್ಲೋ ಅಗಲ ಬಾಯಿಯ ಡಬ್ಬಿಯಲ್ಲೋ ನಿಲ್ಲಿಸಿಡಿ. ಮಲಗಿಸಿಟ್ಟರೆ, ತಲೆಕೆಳಗಾಗಿಟ್ಟರೆ ಬಿಳಿ ಕಣಗಳು ಸೂಜಿಯ ಬಾಯಿಗೆ ಕೂತು ಕಟ್ಟಿಕೊಳ್ಳುತ್ತವೆ. ಚುಚ್ಚುವ ಮುನ್ನ ಸಿರಿಂಜನ್ನೂ ಮತ್ತೆ ಅಂಗೈಯಲ್ಲಿ ಉರುಳಿಸಿ ಬಿಳುಪು ಒಂದೇ ಸಮ ಮಾಡಿಕೊಳ್ಳಬೇಕು. ಮುಂಜಾನೆಯದಕ್ಕೆ ಒಂದು ಡಬ್ಬಿ, ಸಂಜೆಯದಕ್ಕೆ ಇನ್ನೊಂದು, ಆಕಾರವೇ ಬೇರೆ ಇರಲಿ. ಓದು ಬಾರದವರ ಕೈಗೂ ಅದು ಗೊತ್ತಾಗುತ್ತದೆ. ಡಬ್ಬಿಯ ಮೇಲೆ ತುಂಬಿದ ತಾರೀಖು ಬರೆಯಿರಿ.

ತುಂಬಿಡಬಾರದ ಇನ್ಸುಲಿನ್‌ಗಳೂ ಇವೆ. ದಿನಕ್ಕೊಮ್ಮೆ ಕೊಡುವ ತಿಳಿಯಾದ ಗ್ಲಾರ್ಜಿನ್‌ನಂಥದನ್ನು ಮತ್ತೊಂದರ ಜೊತೆ ಬೆರೆಸಬಾರದು, ಸಿರಿಂಜಿನಲ್ಲಿ ಎಳೆದಿಡಲೂಬಾರದು. ಪ್ಲಾಸ್ಟಿಕ್ ಸಿರಿಂಜಿನ ಒಳಗೆ ಬಿರಡೆ ಜಾರಲೆಂದು ಹಚ್ಚುವ ಸಿಲಿಕೋನ್ ಎಣ್ಣೆ ಇನ್ಸುಲಿನ್‌ಗೆ ಸೇರುತ್ತದೆ ಎಂದು 1980ರ ದಶಕದಲ್ಲೇ ವೈದ್ಯರು ಬರೆದಿದ್ದರು. ತಿಳಿ ಇನ್ಸುಲಿನ್ ಸಿರಿಂಜಿನಲ್ಲಿ ಮಸುಕಾಗಿ ಕಂಡರೆ ಅದನ್ನು ಬಿಟ್ಟುಬಿಡಿ.

ಇದಕ್ಕಿಂತ ದೊಡ್ಡ ಅಪಾಯ

ಔಷಧಿ ಕೆಡುವುದನ್ನೇ ಮಾತಾಡುತ್ತಾ ಇದನ್ನು ಬಿಟ್ಟರೆ ತಪ್ಪಾದೀತು. ನಮ್ಮಲ್ಲಿ ಸರಕಾರಿ ದವಾಖಾನೆಯಲ್ಲೂ ಅಂಗಡಿಯಲ್ಲೂ ಸಿಗುವ ಬಾಟಲಿಗಳು ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನವು. ಅದಕ್ಕೆ ಕೆಂಪು ಟೋಪಿಯ ಸಿರಿಂಜು. ಪೆನ್ನಿನ ಕಾರ್ಟ್ರಿಜ್‌ಗಳು, ಕೆಲವು ಬಾಟಲಿಗಳು 100 ಯೂನಿಟ್‌ನವು, ಅವಕ್ಕೆ ಕಿತ್ತಳೆ ಟೋಪಿ. ಪೆನ್ ಕೆಟ್ಟಿತೆಂದು ಅದರ ಕಾರ್ಟ್ರಿಜ್‌ನಿಂದ ಕೆಂಪು ಟೋಪಿಯ ಸಿರಿಂಜಿಗೆ 20ರ ಗೀಟಿನವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ರಾತ್ರಿ ಸಕ್ಕರೆ ಕುಸಿದು ಬೆವೆತು ಪ್ರಜ್ಞೆ ತಪ್ಪಲು ಇಷ್ಟು ಸಾಕು. ತಿರುವುಮುರುವಾಗಿ 40ರ ಬಾಟಲಿಯಿಂದ ಕಿತ್ತಳೆ ಟೋಪಿಗೆ 20ರ ಗೀಟಿನವರೆಗೆ ಎಳೆದರೆ ಹೋಗುವುದು ಬರೇ 8. ಸಿರಿಂಜಿನ ಟೋಪಿ ತೆಗೆದು ಡಬ್ಬಿಗೆ ಹಾಕಿಡುವ ಮನೆಗಳಲ್ಲಿ ಈ ಬಣ್ಣದ ಗುರುತೂ ಹೋಗುತ್ತದೆ.

ಬಲ ಇಳಿದ ಇನ್ಸುಲಿನ್ ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ಏಪ್ರಿಲ್ ತಿಂಗಳಲ್ಲಿ ಬಿಸಿಗೆ ಸೋತ ಬಾಟಲಿಯಿಂದ ದಿನವೂ ಹೇಳಿದಷ್ಟೇ ತಗೊಂಡರೂ ಸಕ್ಕರೆ ಇಳಿಯುವುದಿಲ್ಲ. ವೈದ್ಯರು ಚೀಟಿ ನೋಡಿ ಡೋಸ್ ಏರಿಸುತ್ತಾರೆ, ಬಾಟಲಿ ಎಲ್ಲಿಟ್ಟಿದ್ದಿರಿ ಎಂದು ಕೇಳಲು ಹೊರಗಿನ ಸಾಲು ಬಿಡುವುದಿಲ್ಲ. ಹಳೆಯದು ಮುಗಿದು ಹೊಸ ಬಾಟಲಿ ಬಿಚ್ಚಿದ ದಿನ ಏರಿಸಿದ ಡೋಸು ಪೂರ್ತಿ ಬಲದೊಂದಿಗೆ ಒಳಗೆ ಹೋಗುತ್ತದೆ. ಹಾಗಾಗಿ ಸಕ್ಕರೆ ಕಾರಣವಿಲ್ಲದೆ ಏರಿದಾಗ ಮೊದಲು ಬಾಟಲಿಯನ್ನು ಅನುಮಾನಿಸಿ, ಅದು ಎಲ್ಲಿತ್ತು, ಎಷ್ಟು ದಿನದ್ದು ಎಂದು ವೈದ್ಯರಿಗೆ ನೀವಾಗಿಯೇ ಹೇಳಿ. ಹೊಸ ಬಾಟಲಿ ಶುರು ಮಾಡಿದ ಎರಡು ಮೂರು ದಿನ ಗ್ಲೂಕೋಮೀಟರ್‌ನಲ್ಲಿ ನೋಡಿಕೊಳ್ಳಿ.

ಬಿಸಿಲಿಗಿಂತ ಐಸಿನ ಭಯ ಇರಲಿ

ಬೇಸಿಗೆಯಲ್ಲಿ ಸವಣೂರು, ಶಿಗ್ಗಾವಿಯ ಬಯಲಿನಲ್ಲಿ ತಾಪ 40ರ ಹತ್ತಿರ ಹೋಗುತ್ತದೆ. ತಗಡಿನ ಮನೆಯೊಳಗಂತೂ ಮಧ್ಯಾಹ್ನ ಕೂರಲಾಗುವುದಿಲ್ಲ. ಇನ್ಸುಲಿನ್ ಇಂಥಲ್ಲಿ ಎಷ್ಟು ತಡೆಯುತ್ತದೆ ಎಂಬುದಕ್ಕೆ ಎರಡು ಬಗೆಯ ಉತ್ತರಗಳಿವೆ. ಪುದುಚೇರಿಯ ಜಿಪ್ಮರ್ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 37 ಡಿಗ್ರಿಯಲ್ಲಿ ಒಂದೇ ಸಮನೆ 28 ದಿನ ಇಟ್ಟ ಇನ್ಸುಲಿನ್ ಬಲ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿದಿತ್ತು. 2021ರಲ್ಲಿ ಜಿನೀವಾ ವಿಶ್ವವಿದ್ಯಾಲಯ ಮತ್ತು ಗಡಿರಹಿತ ವೈದ್ಯರ ಸಂಘಟನೆ ಸೇರಿ ಕೆನ್ಯಾದ ದಗಹಾಲೆ ನಿರಾಶ್ರಿತರ ಶಿಬಿರದ ಮನೆಗಳಲ್ಲಿ ತಾಪ ಅಳೆದು, ಹಗಲು 37, ರಾತ್ರಿ 25 ಹೀಗೆ ಏರಿಳಿಯುವ ಸ್ಥಿತಿಯನ್ನು ಪ್ರಯೋಗಾಲಯದಲ್ಲಿ ಮರುಸೃಷ್ಟಿಸಿ ನಾಲ್ಕು ವಾರ ಇಟ್ಟರು. ಫ್ರಿಜ್ಜಿನಲ್ಲಿಟ್ಟದ್ದಕ್ಕೂ ಇದಕ್ಕೂ ಬಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2023ರ ವಿಮರ್ಶೆ, ಬಿಚ್ಚದ ಮಾನವ ಇನ್ಸುಲಿನ್ ಅನ್ನು 25 ಡಿಗ್ರಿಯೊಳಗೆ ಆರು ತಿಂಗಳು, 37 ಡಿಗ್ರಿಯೊಳಗೆ ಎರಡು ತಿಂಗಳು ಇಡಬಹುದು ಎಂದಿತು.

ನಮ್ಮ ಮನೆಗಳು ಜಿಪ್ಮರ್‌ನ ಪೆಟ್ಟಿಗೆಗಿಂತ ಕೆನ್ಯಾದ ಶಿಬಿರಕ್ಕೆ ಹತ್ತಿರ, ರಾತ್ರಿ ತಂಪಾಗುತ್ತದೆ. ಆದ್ದರಿಂದ ಒಂದು ರಾತ್ರಿ ಕರೆಂಟ್ ಹೋಯಿತೆಂದು ಬಾಟಲಿ ಬಿಸಾಡಬೇಕಿಲ್ಲ. ಫ್ರಿಜ್ಜಿನ ಬಾಗಿಲು ತೆಗೆಯದೆ ಬಿಟ್ಟರೆ ಒಳಗಿನ ತಂಪು ನಾಲ್ಕು ತಾಸಿನಷ್ಟು ಉಳಿಯುತ್ತದೆ, ಆಮೇಲೂ ಅದು ಮೆಲ್ಲಗೆ ಹೊರಗಿನ ತಾಪಕ್ಕೆ ಬರುತ್ತದೆಯೇ ಹೊರತು ಒಲೆಯಾಗುವುದಿಲ್ಲ. ಆದರೆ ಮರೆಯಬಾರದ ಮಾತೊಂದಿದೆ: ಈ ಪ್ರಯೋಗಗಳೆಲ್ಲ ಕಂಪನಿಯ ಬಾಟಲಿ, ಕಾರ್ಟ್ರಿಜ್‌ಗಳ ಮೇಲೆ ನಡೆದವು. ಮನೆಯಲ್ಲಿ ತುಂಬಿದ ಪ್ಲಾಸ್ಟಿಕ್ ಸಿರಿಂಜಿಗೆ ಈ ರಿಯಾಯಿತಿ ಅನ್ವಯಿಸಿಕೊಳ್ಳಬೇಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಬಾಟಲಿ ಇಟ್ಟುಕೊಳ್ಳಬಹುದು, ತುಂಬಿದ ಸಿರಿಂಜು ಇಟ್ಟುಕೊಳ್ಳಬಾರದು.

ಐಸಿನ ಕತೆ ಬೇರೆ. ಬಿಸಿ ಇನ್ಸುಲಿನ್‌ನ ಬಲವನ್ನು ದಿನಗಟ್ಟಲೆ ತಿನ್ನುತ್ತಾ ಹೋದರೆ, ಹೆಪ್ಪುಗಟ್ಟುವಿಕೆ ಒಂದೇ ಸಲಕ್ಕೆ ಕೆಡಿಸಿಬಿಡುತ್ತದೆ. ಕರಗಿದ ಮೇಲೆ ಎಷ್ಟು ಉರುಳಿಸಿದರೂ ಬಿಳಿ ಇನ್ಸುಲಿನ್‌ನಲ್ಲಿ ಗಂಟು ಉಳಿಯಬಹುದು, ತಿಳಿ ಇನ್ಸುಲಿನ್ ನೋಡಲು ಚೆನ್ನಾಗಿಯೇ ಕಾಣಬಹುದು. ಎರಡೂ ಕೆಲಸಕ್ಕೆ ಬಾರದವು. ಎರಿಥ್ರೊಪೊಯೆಟಿನ್ ಅನ್ನೂ ಹೆಪ್ಪುಗಟ್ಟಲು ಬಿಡಬಾರದು, ಕುಲುಕಬಾರದು. ಒಂದೇ ಬಾಗಿಲಿನ ಹಳೆಯ ಫ್ರಿಜ್ಜುಗಳಲ್ಲಿ ಹಿಂದಿನ ಗೋಡೆಗೆ ಮಂಜು ಕಟ್ಟುತ್ತದೆ, ಅದಕ್ಕೆ ತಾಗಿ ಕೂತ ಡಬ್ಬಿ ರಾತ್ರೋರಾತ್ರಿ ಗಟ್ಟಿಯಾಗುತ್ತದೆ. ಬಾಗಿಲಿನ ಅಟ್ಟಣೆ ಮನೆಮಂದಿ ಹಾಲು, ನೀರಿಗೆಂದು ತೆಗೆದಾಗಲೆಲ್ಲ ಬಿಸಿಯಾಗುತ್ತದೆ. ನಡುವಿನ ಅಟ್ಟಣೆಯ ಮುಂಭಾಗವೇ ಸರಿಯಾದ ಜಾಗ. ಔಷಧಿ ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ಸಣ್ಣ ಥರ್ಮಾಮೀಟರ್ ಸಿಗುತ್ತದೆ, ಒಳಗಿಟ್ಟು 2ರಿಂದ 8ರ ನಡುವೆ ಇದೆಯೇ ನೋಡಿ. ದುಬಾರಿ ಚುಚ್ಚುಮದ್ದು ತರುವ ಮನೆಗೆ ಅದೊಂದು ಖರ್ಚೇ ಅಲ್ಲ.

ಹುಬ್ಬಳ್ಳಿಯಿಂದ, ದಾವಣಗೆರೆಯಿಂದ ಔಷಧಿ ತರುವಾಗಲೂ ಇದೇ ಅಪಾಯ. ಅಂಗಡಿಯವರು ಕಾಳಜಿಯಿಂದಲೇ ಕಲ್ಲಾಗಿರುವ ಐಸ್ ಜೆಲ್ ಪೊಟ್ಟಣದ ಮೇಲೆ ಸಿರಿಂಜಿನ ಬಾಕ್ಸ್ ಇಟ್ಟು ರಬ್ಬರ್ ಬ್ಯಾಂಡ್ ಹಾಕುತ್ತಾರೆ. ನಡುವೆ ಹಳೇ ಪತ್ರಿಕೆಯ ನಾಲ್ಕು ಮಡಿಕೆ ಹಾಕಿಸಿಕೊಳ್ಳಿ. ಬಸ್ಸಿನಲ್ಲಿ ಡ್ರೈವರ್ ಮುಂದಿನ ಗಾಜಿನ ಕೆಳಗೆ ಇಡುವುದು, ಮೋಟಾರ್‌ಸೈಕಲ್ ಡಿಕ್ಕಿಯಲ್ಲಿ ಹಾಕುವುದು ಬೇಡ. ಅಲ್ಲಿ ನೆರಳಿನ 38 ಡಿಗ್ರಿಯ ಲೆಕ್ಕ ನಡೆಯುವುದಿಲ್ಲ. ಹಂಸಭಾವಿಗೋ ಚಿಕ್ಕೇರೂರಿಗೋ ಕಡೆಯ ಬಸ್ಸು ಹಿಡಿಯುವವರು ಊಟ, ಬಟ್ಟೆ ಖರೀದಿ ಎಲ್ಲ ಮುಗಿಸಿ ಕೊನೆಗೆ ಔಷಧಿ ಕೊಳ್ಳುವುದು ಮೇಲು.

ಫ್ರಿಜ್ ಇಲ್ಲದವರಿಗೆ ಗಡಿಗೆ

ಮಣ್ಣಿನ ಗಡಿಗೆಯ ವಿಷಯವನ್ನು ಹಳೇ ಕಾಲದ ಮಾತು ಎಂದು ತಳ್ಳಬೇಡಿ. ದೊಡ್ಡ ಗಡಿಗೆಯೊಳಗೆ ಚಿಕ್ಕ ಗಡಿಗೆಯಿಟ್ಟು ನಡುವಿನ ಸಂದಿಗೆ ಮರಳು ತುಂಬಿ ನೀರು ಹಾಕಿ ಒದ್ದೆ ಬಟ್ಟೆ ಮುಚ್ಚುವ ವಿಧಾನವನ್ನು ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ 1990ರ ದಶಕದಲ್ಲಿ ತರಕಾರಿಗಾಗಿ ಹಳ್ಳಿಹಳ್ಳಿಗೆ ಹಂಚಿ ಹೆಸರಾದರು. 2016ರಲ್ಲಿ ಮಧುಮೇಹ ವೈದ್ಯರು ಬೇರೆ ಬೇರೆ ದೇಶಗಳ ಇಂಥ ಗಡಿಗೆಗಳನ್ನು ಇನ್ಸುಲಿನ್‌ಗಾಗಿ ಪರೀಕ್ಷಿಸಿದರು, ಹೊರಗಿನದಕ್ಕಿಂತ ಒಳಗೆ ತಂಪಿರುವುದು ಖಚಿತವಾಯಿತು.

ನೀರು ಆರುವುದರಿಂದ ತಂಪು ಹುಟ್ಟುತ್ತದೆ, ಗಾಳಿ ಒಣಗಿದ್ದಷ್ಟೂ ಅದು ಹೆಚ್ಚು. ಸವಣೂರಿನ, ಬಂಕಾಪುರದ ಏಪ್ರಿಲ್ ಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ಅರೆಮಲೆನಾಡಾದ ಹಾನಗಲ್ಲಿನಲ್ಲಿ ಜುಲೈ ಜಿಟಿಜಿಟಿ ಮಳೆಗೆ ಗಡಿಗೆಯ ನೀರು ಆರುವುದೇ ಇಲ್ಲ, ಆದರೆ ಆಗ ಹೊರಗೇ ಅಷ್ಟು ಬಿಸಿಯಿರುವುದಿಲ್ಲ. ಕಷ್ಟ ಬರುವುದು ಮೇ ಕೊನೆಯಲ್ಲಿ, ಮಳೆಗೆ ಮುಂಚಿನ ಬೆವರಿನ ದಿನಗಳಲ್ಲಿ. ಆ ಎರಡು ಮೂರು ವಾರ ಹಾನಗಲ್, ಹಿರೇಕೆರೂರಿನವರು ಬಾಟಲಿಯನ್ನು ಫ್ರಿಜ್ ಇರುವ ನೆರೆಮನೆಯಲ್ಲಿಡುವುದು ಒಳ್ಳೆಯದು. ಗಡಿಗೆಯನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಿ, ಎರಡು ಹೊತ್ತು ನೀರು ಹಾಕಿ. ಬಾಟಲಿ ನೀರಿಗೆ ತಾಗದಿರಲಿ, ಮುಚ್ಚಿದ ಸಣ್ಣ ಡಬ್ಬಿಯಲ್ಲಿರಲಿ. ಗಡಿಗೆಯೊಳಗೆ 8 ಡಿಗ್ರಿ ಬರುವುದಿಲ್ಲ. ಬಿಚ್ಚಿದ ಇನ್ಸುಲಿನ್ ಬಾಟಲಿಗೆ ಅದು ಬೇಕಾಗಿಯೂ ಇಲ್ಲ, ಹೆಚ್ಚಿನವನ್ನು 25ರಿಂದ 30 ಡಿಗ್ರಿಯೊಳಗೆ ನಾಲ್ಕರಿಂದ ಆರು ವಾರ ಬಳಸಬಹುದು ಎಂದು ಆಯಾ ಕಂಪನಿಯ ಕರಪತ್ರವೇ ಹೇಳುತ್ತದೆ. 400 ಯೂನಿಟ್‌ನ ಬಾಟಲಿ ದಿನಕ್ಕೆ 26 ಯೂನಿಟ್ ತಗೊಳ್ಳುವವರಿಗೆ ಹದಿನೈದು ದಿನದಲ್ಲೇ ಮುಗಿಯುತ್ತದೆ. ಎರಿಥ್ರೊಪೊಯೆಟಿನ್, ಫಿಲ್‌ಗ್ರಾಸ್ಟಿಮ್‌ಗಳಿಗೆ ಮಾತ್ರ ಗಡಿಗೆ ನಂಬಬೇಡಿ. ಅಂಥವನ್ನು ಡಯಾಲಿಸಿಸ್ ಕೇಂದ್ರದಲ್ಲೋ ಹತ್ತಿರದ ಆಸ್ಪತ್ರೆಯಲ್ಲೋ ಹೆಸರು ಬರೆದು ಇಟ್ಟುಕೊಳ್ಳುತ್ತಾರೆಯೇ ಕೇಳಿ.

ಎಲ್ಲ ಸಿರಿಂಜೂ ಫ್ರಿಜ್ಜಿಗಲ್ಲ

ಚುಚ್ಚುಮದ್ದು ಎಂದರೆ ಫ್ರಿಜ್ಜು ಎಂಬ ಎಣಿಕೆಯೂ ಪೂರ್ತಿ ಸರಿಯಲ್ಲ. ಎನಾಕ್ಸಪಾರಿನ್‌ಗೆ ಬೇಕಾದದ್ದು 25 ಡಿಗ್ರಿಯೊಳಗಿನ ಜಾಗ, ಹೆಪ್ಪುಗಟ್ಟಬಾರದು. ಸೊಂಟ ಮುರಿದು ಆಪರೇಷನ್ ಆದ ಹಿರಿಯರಿಗೆ, ಕೆಲವು ಗರ್ಭಿಣಿಯರಿಗೆ ಇದನ್ನು ಮನೆಯಲ್ಲೇ ಕೊಡಲು ಬರೆದಿರುತ್ತಾರೆ. ಅದರ ಸಿರಿಂಜಿನಲ್ಲಿ ಒಂದು ಗಾಳಿಗುಳ್ಳೆ ಕಾಣುತ್ತದೆ. ಗಾಳಿ ಹೋದರೆ ಅಪಾಯವೆಂದು ಅದನ್ನು ಹೊರಗೆ ತಳ್ಳಿದರೆ ಔಷಧಿಯೂ ಚೆಲ್ಲುತ್ತದೆ. ಪೂರ್ತಿ ಡೋಸ್ ಕೊಡುವಾಗ ಗುಳ್ಳೆ ಹಾಗೇ ಇರಲಿ, ಕೊನೆಯ ಹನಿಯನ್ನು ಅದೇ ತಳ್ಳುತ್ತದೆ.

ಬಾಣಂತಿಗೆ ರಕ್ತಸ್ರಾವ ನಿಲ್ಲಿಸಲು ಕೊಡುವ ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು 2019ರಲ್ಲಿ ಜಂಟಿಯಾಗಿ ಹೇಳಿದವು. ಹೆರಿಗೆ ಕೋಣೆಯಲ್ಲಿ ಸಿಸ್ಟರ್ ಅದನ್ನು ಮಗು ಬರುವ ಮುಂಚೆ ಸಿರಿಂಜಿಗೆ ಎಳೆದಿಟ್ಟುಕೊಳ್ಳುವುದು ಸರಿಯಾದ ಕ್ರಮವೇ, ಆ ಹೊತ್ತಿಗೆ ಹುಡುಕುತ್ತಾ ಕೂರಲಾಗದು. ಆದರೆ ಆ ಹೆರಿಗೆ ತಡವಾಗಿ ಸಿರಿಂಜು ಟ್ರೇಯಲ್ಲೇ ರಾತ್ರಿ ಕಳೆದರೆ ಮರುದಿನದ ಹೆರಿಗೆಗೆ ಅದನ್ನು ಬಳಸಬಾರದು. ಎಮ್ಮೆ ಸೊರೆಬಿಡಲೆಂದು ಇದೇ ಔಷಧಿಯನ್ನು ಕೊಟ್ಟಿಗೆಯಲ್ಲಿ ಚುಚ್ಚುವ ಚಾಳಿಯನ್ನು ತಡೆಯಲು 2018ರಲ್ಲಿ ಕೇಂದ್ರ ಸರಕಾರ ಖಾಸಗಿ ತಯಾರಿಕೆ ನಿಷೇಧಿಸಿ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್‌ ಸಂಸ್ಥೆಯೊಂದಕ್ಕೇ ದೇಶದ ಪೂರೈಕೆ ಒಪ್ಪಿಸಲು ಹೊರಟಿತ್ತು. ದಿಲ್ಲಿ ಹೈಕೋರ್ಟ್ ಅದೇ ಡಿಸೆಂಬರ್‌ನಲ್ಲಿ ಆ ಆದೇಶ ರದ್ದು ಮಾಡಿತು. ಕೊಟ್ಟಿಗೆಯ ಗೂಡಿನಲ್ಲಿ ಬಿಸಿಲು ತಿಂದ ಬಾಟಲಿಯನ್ನು ಮನುಷ್ಯರಿಗೆ ಬಳಸುವ ಯೋಚನೆ ಯಾರಿಗೂ ಬಾರದಿರಲಿ.

ಪುಡಿಯಾಗಿ ಬರುವ ಔಷಧಿಗಳು ಪುಡಿಯಾಗಿರುವುದೇ ನೀರಿನಲ್ಲಿ ಬಾಳಲಾರವು ಎಂಬ ಕಾರಣಕ್ಕೆ. ಆಂಪಿಸಿಲಿನ್ ಕಲಸಿದ ಒಂದು ತಾಸಿನೊಳಗೆ ಬಳಸಬೇಕು. ‘ಅರ್ಧ ಇವತ್ತ, ಅರ್ಧ ನಾಳೆ’ ಎಂದು ಸಿರಿಂಜಿನಲ್ಲಿ ಉಳಿಸಿಡುವವರ ಹತ್ತಿರ ಚುಚ್ಚಿಸಿಕೊಳ್ಳಬೇಡಿ. ಕಲಸಿದ ದಡಾರ–ರುಬೆಲ್ಲಾ ಲಸಿಕೆಗೆ ನಾಲ್ಕು ತಾಸಿನ ಗಡುವು. ಮಗುವಿಗೆ ಲಸಿಕೆ ಹಾಕಿಸುವಾಗ ಸಿಸ್ಟರ್ ನಿಮ್ಮೆದುರೇ ಬಾಟಲಿಯಿಂದ ಎಳೆಯಬೇಕು, ಮೊದಲೇ ತುಂಬಿ ಸಾಲಾಗಿ ಜೋಡಿಸಿದ ಸಿರಿಂಜು ಕಂಡರೆ ‘ಅಕ್ಕಾರ, ನಮ್ಮ ಮುಂದ ಎಳೀರಿ’ ಎನ್ನಲು ಸಂಕೋಚ ಬೇಡ. ಹಾವು ಕಡಿತಕ್ಕೆ ಕೊಡುವ ಔಷಧಿಯೂ ನಮ್ಮಲ್ಲಿ ಹೆಚ್ಚಾಗಿ ಒಣಪುಡಿ, ಅದನ್ನು ಕಲಸುವುದು ಆಸ್ಪತ್ರೆಯಲ್ಲಿ, ರೋಗಿ ಬಂದ ಮೇಲೆ. ಅಡ್ರಿನಾಲಿನ್ ತಿಳಿಯಾಗಿರಬೇಕು, ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಮುಗಿದ ಔಷಧಿ.

ಬಳಸಿದ ಸೂಜಿಯ ಮಾತು ಉಳಿಯಿತು. ಮನೆಯ ಕಸದೊಂದಿಗೆ ತಿಪ್ಪೆ ಸೇರಿದ ಸೂಜಿ ಗೊಬ್ಬರದೊಂದಿಗೆ ಹೊಲಕ್ಕೆ ಹೋಗುತ್ತದೆ, ಕಳೆ ತೆಗೆಯುವವರ ಬರಿಗಾಲಿಗೋ ಅಂಗೈಗೋ ಚುಚ್ಚುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಫಿನೈಲ್ ಡಬ್ಬಿ ಅಥವಾ ಎಣ್ಣೆ ಕ್ಯಾನ್ ಒಂದನ್ನು ಎತ್ತರದ ಗೂಡಿನಲ್ಲಿಟ್ಟು, ಬಳಸಿದ ಸಿರಿಂಜನ್ನು ಸೂಜಿ ಸಮೇತ ಅದರೊಳಗೆ ಹಾಕಿ. ಮುಕ್ಕಾಲು ತುಂಬಿದಾಗ ಬಿಗಿಯಾಗಿ ಮುಚ್ಚಿ, ಮುಂದಿನ ಸಲ ಇನ್ಸುಲಿನ್ ತರಲು ಹೋಗುವಾಗ ಆರೋಗ್ಯ ಕೇಂದ್ರಕ್ಕೋ ತಾಲೂಕು ಆಸ್ಪತ್ರೆಗೋ ಕೊಡಿ. ಅಲ್ಲಿ ಚೂಪು ವಸ್ತುಗಳಿಗೆಂದೇ ಬೇರೆ ಡಬ್ಬಿ ಇರುತ್ತದೆ.